ಉಕ್ಕಿನ ಗುಂಡಿಗೆಗೆ ಬೆಂದ ಎಲೆಕೋಸು

ಎರ್ಮೆತೆಯ ಕಷ್ಟಕ್ಕೆಲ್ಲ ಕಾರಣ ಅಂಗೈಯಗಲದ ಒಂದು ರಕ್ತಪರೀಕ್ಷೆಯ ಚೀಟಿ. ಅದರ ಪ್ರಕಾರ ಅವನ ರಕ್ತದಲ್ಲಿ ಇರಬೇಕಾದ ಒಳ್ಳೆಯ ಕೊಬ್ಬು ಇರಲಿಲ್ಲ, ಇರಬಾರದ ಕೊಬ್ಬು ಬೇಕಾದಷ್ಟಿತ್ತು. ಊರಿಗೆ ಹೊಸದಾಗಿ ಬಂದ ಡಾಕ್ಟರಮ್ಮ ಬೆಣ್ಣೆ, ಹಂದಿಮಾಂಸ ಎರಡನ್ನೂ ನಿಲ್ಲಿಸಿದರು. ಅವತ್ತಿನಿಂದ ಹೆಂಡತಿ ಲಿದಿಯಾ ಬೇಯಿಸಿದ ಎಲೆಕೋಸು ಬಿಟ್ಟು ಬೇರೇನನ್ನೂ ಬಡಿಸಲಿಲ್ಲ. ಅವಳ ತಮ್ಮ ನಲವತ್ತು ತುಂಬುವ ಮೊದಲೇ ಊಟದ ಮೇಜಿಗೆ ತಲೆಯಿಟ್ಟವನು ಮತ್ತೆ ಎದ್ದಿರಲಿಲ್ಲ. ಹಾಗಾಗಿ ಅವಳೊಡನೆ ವಾದಕ್ಕಿಳಿಯಲು ಎರ್ಮೆತೆಗೆ ಬಾಯಿ ಬರುತ್ತಿರಲಿಲ್ಲ.

ಎಲೆಕೋಸನ್ನಾದರೂ ಸಹಿಸಬಹುದಿತ್ತು. ಆದರೆ ನಾಳೆ ಭಾನುವಾರ, ಊರೊಟ್ಟಿನ ಸ್ಪಿಯೆದೊ ಊಟ. ಮಾಂಸದ ತುಂಡುಗಳನ್ನು ಕಂಬಿಗೆ ಪೋಣಿಸಿ, ಮೇಲಿಂದ ಬೆಣ್ಣೆ ಸುರಿಯುತ್ತ, ಬೆಳಗಿನಿಂದ ಮಧ್ಯಾಹ್ನದವರೆಗೆ ಕೆಂಡದ ಮುಂದೆ ತಿರುಗಿಸುವ ಪಟ್ಟ ಎರ್ಮೆತೆಯದು. ಕಂಬಿ ತಿರುಗಿಸುವವನು ಮೊದಲ ತುಂಡು ತಿಂದು ತಲೆಯಾಡಿಸದೆ ಯಾರೂ ತಟ್ಟೆ ಮುಟ್ಟುವಂತಿಲ್ಲ. ತಿನ್ನಲಾಗದವನಿಗೆ ಕಂಬಿ ಕೊಡುವುದು ಹೇಗೆ? ಕ್ಷೌರದಂಗಡಿಯ ಜೆನೊ ಆಗಲೇ ಹೊಸ ಏಪ್ರನ್ ಇಸ್ತ್ರಿ ಮಾಡಿಟ್ಟಿದ್ದ.

ಉಳಿದದ್ದು ಒಂದೇ ದಾರಿ. ಸರೋವರದ ದಂಡೆಯ ಈ ಊರಲ್ಲಿ ಕೆಲವು ಮನೆತನಗಳ ರಕ್ತವೇ ವಿಚಿತ್ರ. ಚೀಟಿ ನೋಡಿದ ಡಾಕ್ಟರ ಎದೆ ನಿಂತರೂ ನಿಂತೀತು, ರಕ್ತ ಕೊಟ್ಟವನ ಎದೆ ನಿಲ್ಲುವುದಿಲ್ಲ. ಮುತ್ತಜ್ಜನೊಬ್ಬನಿಂದ ಇಳಿದು ಬಂದ ವಂಶವಾಹಿಯ ಕೃಪೆ ಅದು. ಅದನ್ನು ಹುಡುಕಲೆಂದೇ ಮಿಲಾನಿನ ಪ್ರೊಫೆಸರ್ ಗವಾಜ್ಜಿ ಅವತ್ತು ಚರ್ಚಿನ ಪಕ್ಕದ ಸಭಾಂಗಣದಲ್ಲಿ ಸೂಜಿ ಹಿಡಿದು ಕೂತಿದ್ದರು. ಏನಾದರಾಗಲಿ, ಕಂಬಿ ಮಾತ್ರ ಬಿಡುವುದಿಲ್ಲ ಎಂದು ಎರ್ಮೆತೆ ಖಾಲಿ ಹೊಟ್ಟೆಯಲ್ಲಿ ಹೊರಟ.

ಬೀದಿ ತಿರುವಿನಲ್ಲಿ ಸೋದರತ್ತೆ ದೊಮಿತಿಲ್ಲಾ ಅಡ್ಡಗಟ್ಟಿದಳು.

"ಕಾಫಿ ಕುಡಿದು ಹೋಗೋ."

"ಏನೂ ಕುಡಿಯೋ ಹಾಗಿಲ್ಲ ಅತ್ತೆ. ನಮ್ಮ ಮನೆತನದ ರಕ್ತ ನನಗೂ ಇದೆ ಅಂತ ತೋರಿಸೋಕೆ ಹೊರಟಿದೀನಿ."

"ನಿಮ್ಮಪ್ಪಂಗೆ ಇತ್ತು, ಇಲ್ಲ ಅನ್ನಲ್ಲ. ನಿಮ್ಮಮ್ಮ ಆಚೆ ದಡದವಳಲ್ವ. ಹಾಲಿಗೆ ನೀರು ಬೆರೆಸಿದ ಹಾಗಾಗಿದೆ ನಿಂದು."

"ಬೆರೆಸಿದ್ರೂ ಕರೆಯೋದು ಹಾಲು ಅಂತ್ಲೇ," ಎಂದವನೇ ಎರ್ಮೆತೆ ಮುಂದೆ ನಡೆದ.

ಸಭಾಂಗಣದಲ್ಲಿ ಹನುಮಂತನ ಬಾಲದಂಥ ಸಾಲು. ಅವನ ಬೆನ್ನಿಗೇ ಜೆನೊ ಬಂದು ನಿಂತ. "ನಿನ್ನ ಮುಖ ಯಾಕೋ ಸುಣ್ಣದ ಹಾಗಿದೆಯಲ್ಲ, ಎದೆ ಏನಾದ್ರೂ ಹಿಡಿತಿದ್ಯಾ?" ಎಂದು ಗಳಿಗೆಗೊಮ್ಮೆ ವಿಚಾರಿಸಿದ. ಹಸಿವು ಒಂದು ಕಡೆ, ಈ ಕಳಕಳಿ ಇನ್ನೊಂದು ಕಡೆ. ಸೂಜಿ ಕಣ್ಣಿಗೆ ಬಿದ್ದದ್ದೇ ಎರ್ಮೆತೆ ದೊಪ್ಪನೆ ಬಿದ್ದ.

"ಹೋದ, ಪಾಪ. ಒಳ್ಳೆ ಮನುಷ್ಯ," ಎಂದ ಜೆನೊ ಟೋಪಿ ತೆಗೆದು. "ಕಂಬಿ ಇಟ್ಟಿರೋ ಕೋಣೆ ಬೀಗದ ಕೈ ಯಾವ ಜೇಬಲ್ಲಿದೆ, ನೋಡಿ."

ಪಾದ್ರಿಗಳು ಸಾಯುವವರ ಹಣೆಗೆ ಹಚ್ಚುವ ಕೊನೆಗಾಲದ ಎಣ್ಣೆ ಹಿಡಿದು ಓಡಿ ಬಂದರು. ಲಿದಿಯಾ ಅಳುತ್ತ ಬಂದಳು. ಹಣೆಗೆ ಎಣ್ಣೆ ತಾಗುವಷ್ಟರಲ್ಲಿ ಎರ್ಮೆತೆ ಕಣ್ಣು ಬಿಟ್ಟು, ಅಂಗಿಯ ತೋಳು ಮಡಚಿ ಕೈ ಚಾಚಿದ. "ಎಣ್ಣೆ ಆಮೇಲೆ ಫಾದರ್. ಮೊದಲು ರಕ್ತ ತಗೊಳ್ಳಲಿ."

ಸಂಜೆ ಊರೆಲ್ಲ ಚೌಕದಲ್ಲಿ ಕಾಯುತ್ತಿರುವಾಗ ಪ್ರೊಫೆಸರರು ಓಡುತ್ತಲೇ ಬಂದು ಎರ್ಮೆತೆಯ ಎರಡೂ ಕೈ ಹಿಡಿದುಕೊಂಡರು.

"ಇದೆ. ಆ ವಂಶವಾಹಿ ನಿಮಗಿದೆ. ಕೊಬ್ಬನ್ನ ಸಾಗಿಸೋ ಪ್ರೋಟೀನಿನ ಕೆಲಸಾನೂ ನಿಮ್ಮಲ್ಲಿ ಬೇರೆ ಥರ. ನಿಮ್ಮದು ಉಕ್ಕಿನ ಗುಂಡಿಗೆ."

"ನಾನು ಬೆಳಿಗ್ಗೆನೇ ಹೇಳಿದ್ದೆ," ಎಂದಳು ದೊಮಿತಿಲ್ಲಾ ಅತ್ತೆ. ಜೆನೊನ ಮುಖ ಇಂಗು ತಿಂದ ಮಂಗನಂತಾಯಿತು.

ಲಿದಿಯಾ ಕಣ್ಣೊರೆಸಿಕೊಂಡಳು. "ಹಾಗಾದ್ರೆ ಇವನು ಬೆಣ್ಣೆ ತಿನ್ನಬಹುದಾ? ಭಯಕ್ಕೆ ಎರಡು ವಾರದಿಂದ ಬರೀ ಎಲೆಕೋಸು ಹಾಕ್ಬಿಟ್ಟೆ."

ಪ್ರೊಫೆಸರರ ಹಿಡಿತ ಬಿಗಿಯಾಯಿತು. "ಏನು ಹಾಕಿದ್ರಿ?"

"ಎಲೆಕೋಸು. ಉಪ್ಪೂ ಇಲ್ಲದೆ."

"ಅಮ್ಮಾ, ಈ ರಕ್ತ ಇರೋರು ಯಾರೂ ಈ ಊರಲ್ಲಿ ಒಂದು ದಿನಾನೂ ಪಥ್ಯ ಮಾಡಿದವರಲ್ಲ. ನಮಗೇನು ಆಗ್ತದೆ ಅಂತ ನನ್ನನ್ನೇ ಓಡಿಸ್ತಾರೆ. ಕಾಪಾಡೋದು ರಕ್ತ ಒಂದೇನಾ, ಊಟದ್ದೂ ಪಾಲಿದೆಯಾ ಅಂತ ತಿಳಿಯೋಕೆ ಇಂಥ ಒಬ್ಬನನ್ನ ವರ್ಷಗಟ್ಟಲೆ ಹುಡುಕಿದೀನಿ. ದಯವಿಟ್ಟು ನಿಲ್ಲಿಸಬೇಡಿ. ಇನ್ನೆರಡು ವರ್ಷ."

"ಆಗಲ್ಲ," ಎಂದ ಎರ್ಮೆತೆ.

"ಈ ರಕ್ತ ಇಲ್ಲದವರಿಗೆ ಔಷಧಿ ಸಿಕ್ಕಬಹುದು. ಚಿಕ್ಕ ವಯಸ್ಸಲ್ಲೇ ಹೋಗೋರು ಉಳಿಯಬಹುದು."

ತಮ್ಮನನ್ನು ನೆನೆದ ಲಿದಿಯಾ ಗಂಡನ ಮುಖ ನೋಡಿದಳು. ಇಡೀ ದಿನ ಹಸಿವಿಗೂ ಸೂಜಿಗೂ ಪಾದ್ರಿಗೂ ಬಗ್ಗದ ಎರ್ಮೆತೆ ಆ ನೋಟಕ್ಕೆ ಬಗ್ಗಿದ. ಜೇಬಿನಿಂದ ಬೀಗದ ಕೈ ತೆಗೆದು ಜೆನೊಗೆ ಕೊಟ್ಟ.

ಮರುದಿನ ಮಧ್ಯಾಹ್ನ ಊರಿನ ಅತಿಥಿಯಾಗಿ ಪ್ರೊಫೆಸರರು ಮೂರನೆಯ ತಟ್ಟೆ ಬಡಿಸಿಕೊಂಡರು. ಎದುರಿಗೆ ಎಲೆಕೋಸಿನ ಮುಂದೆ ಕೂತಿದ್ದ ಎರ್ಮೆತೆಯ ಬಳಿಗೆ ಜೆನೊ ಆಗಷ್ಟೇ ಇಳಿಸಿದ ಇನ್ನೊಂದು ಕಂಬಿಯ ತುಂಡು ಹಿಡಿದು ವಿನಯದಿಂದ ಬಂದ.

"ತಿನ್ನೋದು ಬೇಡಪ್ಪ. ಹದ ಬಂದಿದೆಯಾ ಅಂತ ಮೂಸಿ ಹೇಳು ಸಾಕು."

ಎರ್ಮೆತೆ ಮೂಗು ಚಾಚಿದ. ಪ್ರೊಫೆಸರರು ಗಲ್ಲದ ಬೆಣ್ಣೆ ಒರೆಸಿಕೊಂಡು ತುಸು ಯೋಚಿಸಿದರು. ಆಮೇಲೆ ಎದ್ದು ಬಂದು, ಅವನನ್ನು ಎಬ್ಬಿಸಿ, ಮಾಂಸದ ವಾಸನೆಯೂ ತಾಗದಂತೆ ಕುರ್ಚಿಯನ್ನು ತಾವೇ ಎತ್ತಿ ಗಾಳಿಯ ಆಚೆ ಬದಿಗೆ ಹಾಕಿಕೊಟ್ಟರು.