ರಣಭೈರವನಿಗೆ ಬಂದ ಗತಿ

ತಾನೇ ನಾಟಕ ಬರೆದು, ತಾನೇ ರಾಜನ ವೇಷ ಹಾಕಿ, ತಾನೇ ಪರದೆ ಎಳೆದು, ಕೊನೆಗೆ ಚಪ್ಪಾಳೆಯನ್ನೂ ತಾನೇ ತಟ್ಟಿಕೊಳ್ಳುವ ಮನುಷ್ಯನನ್ನು ನೀವು ನೋಡಿಲ್ಲದಿದ್ದರೆ ಚಿಕ್ಕಬಳ್ಳಾಪುರಕ್ಕೆ ಬನ್ನಿ. ಇಲ್ಲಿ ನನ್ನದೊಂದು ಕನ್ನಡಕದ ಅಂಗಡಿಯಿದೆ. ವಾರವಿಡೀ ಊರಿನವರಿಗೆ ಕನ್ನಡಕ ಹಾಕಿಸುವ ನಾನು ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಊಟದ ಮೇಜಿನ ತುದಿಯಲ್ಲಿ ಕೂತು ದಾಳದ ಕತೆಯಾಟವೊಂದರ ಮಾಸ್ಟರ್ ಆಗುತ್ತೇನೆ. ಆಟ ಗೊತ್ತಿಲ್ಲದವರಿಗೆ ಒಂದು ಮಾತು: ಮಾಸ್ಟರ್ ಕತೆ ಹೇಳುತ್ತಾನೆ. ಕೋಟೆ, ಕಳ್ಳರು, ನಿಧಿ, ಅಪಾಯ ಎಲ್ಲ ಅವನ ತಲೆಯಲ್ಲಿರುತ್ತವೆ. ಉಳಿದವರು ಒಂದೊಂದು ಪಾತ್ರವಾಗಿ ಆ ಕತೆಯೊಳಗೆ ನುಗ್ಗುತ್ತಾರೆ. ಬೀಸಿದ ಕತ್ತಿ ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ನಮ್ಮ ಮಾವನವರು ಒಮ್ಮೆ ಅರ್ಧ ಗಂಟೆ ನೋಡಿ, "ಇದಕ್ಕಿಂತ ಇಸ್ಪೀಟೇ ವಾಸಿ ಅಲ್ವೇನಪ್ಪಾ?" ಎಂದು ನಿಜವಾದ ಕಳಕಳಿಯಿಂದ ಕೇಳಿದ್ದರು.

ಆಡುವವರು ಮೂವರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನ್ನ ಹೆಂಡತಿ ಲತಾ. ಶಿಡ್ಲಘಟ್ಟದಿಂದ ಬರುವ, ರೇಷ್ಮೆ ನೂಲಿನ ವ್ಯಾಪಾರದ ನಯಾಜ್. ಚಿಂತಾಮಣಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ರೆಡ್ಡಪ್ಪ. ಮೂವರಿಗೂ ಕತ್ತಿ ಬೀಸುವ ಚಪಲ, ಗಾಯಕ್ಕೆ ಮದ್ದು ಹಚ್ಚಲು ಯಾರೂ ತಯಾರಿಲ್ಲ. ಹೋಗಲಿ ಪಾಪ ಎಂದು ನಾನೇ ಒಬ್ಬ ವೈದ್ಯನನ್ನು ಗುಂಪಿಗೆ ಸೇರಿಸಿದೆ. ಹೆಸರು ರಣಭೈರವ. ವೈದ್ಯನಿಗೆ ಆ ಹೆಸರೇಕೆ ಎಂದು ಕೇಳಬೇಡಿ. ಮದ್ದು ಅರೆಯಲು ಬಂದವನು ಎರಡನೇ ವಾರಕ್ಕೆ ಕತ್ತಿ ಹಿಡಿದ, ಮೂರನೇ ವಾರಕ್ಕೆ ಕುದುರೆ ಏರಿದ. ಪಾಳೇಗಾರನ ಮಗಳು ಅವನನ್ನು ಕಿಟಕಿಯಿಂದ ಇಣುಕಿ ನೋಡತೊಡಗಿದಳು. ನಾನೇನು ಮಾಡಲಿ, ಅವನು ಇದ್ದದ್ದೇ ಹಾಗೆ!

ತೊಂದರೆ ಶುರುವಾದದ್ದು ಅವನು ಮಾತಾಡತೊಡಗಿದ ಮೇಲೆ. ಕತೆಯೊಳಗೆ ಪೆರೇಸಂದ್ರದ ದಾರಿಯ ಛತ್ರವೊಂದರಲ್ಲಿ ಛತ್ರದವನಿಗೂ ರಣಭೈರವನಿಗೂ ಮಾತು ಬೆಳೆಯಿತು. ಛತ್ರದವನೂ ನಾನೇ, ಭೈರವನೂ ನಾನೇ. ಒಬ್ಬನಿಗೆ ಕೀರಲು ಗಂಟಲು, ಇನ್ನೊಬ್ಬನಿಗೆ ಗಡಸು ಗಂಟಲು. ಛತ್ರದವನು ಗದರಿದ, ಭೈರವ ತಿರುಗೇಟು ಕೊಟ್ಟ, ಛತ್ರದವನು ಕಾಲಿಗೆ ಬಿದ್ದ. ನನಗಂತೂ ಮೈ ಜುಮ್ಮೆಂದಿತು. ಕಣ್ಣು ತೆರೆದು ನೋಡಿದರೆ ಬಜ್ಜಿಯ ತಟ್ಟೆ ಖಾಲಿ. ರೆಡ್ಡಪ್ಪ ಫೋನಿನಲ್ಲಿ ಟೊಮೇಟೊ ರೇಟು ನೋಡುತ್ತಿದ್ದ. ಲತಾ ಎದ್ದು, "ನೀವಿಬ್ರೂ ಮಾತಾಡ್ತಿರಿ, ನಾನು ಕುಕ್ಕರ್ ಇಟ್ಟು ಬರ್ತೀನಿ" ಎಂದಳು.

ನಯಾಜ್ ಮಾತ್ರ ನೇರವಾಗಿ ಹೇಳಿದ. "ಅಣ್ಣಾ, ಬೇಜಾರು ಮಾಡ್ಕೋಬೇಡಿ. ಕೋಟೆ ನಿಮ್ದು, ಕಳ್ಳ ನಿಮ್ಮೋನು, ಕಳ್ಳನ್ನ ಹಿಡಿಯೋನೂ ನಿಮ್ಮೋನೇ. ನಾವ್ ಯಾಕೆ ಪೆಟ್ರೋಲ್ ಹಾಕಿಸ್ಕೊಂಡು ಬರ್ಬೇಕು? ಹಿಂಗೇ ಆದ್ರೆ ನಾನು ಶಿಡ್ಲಘಟ್ಟದಲ್ಲೇ ಒಂದು ಆಟ ಶುರು ಮಾಡ್ತೀನಿ." ರೆಡ್ಡಪ್ಪ ತಲೆಯೆತ್ತದೆ ತೆಲುಗಿನಲ್ಲಿ, "ನೇನೂ ಆಡಿಕೇ ಪೋತಾನು" ಎಂದ, ಅಂದರೆ ತಾನೂ ಅಲ್ಲಿಗೇ ಎಂದು. ಆರು ದಿನ ಕನ್ನಡಕ ಒರೆಸುವವನಿಗೆ ಇರುವುದೊಂದೇ ಭಾನುವಾರ. ಇವರು ಹೋದರೆ ನಾನು ಕತೆ ಹೇಳುವುದು ಯಾರಿಗೆ, ಕುಕ್ಕರಿಗೆ?

"ಇನ್ನು ಮೇಲೆ ಭೈರವನಿಗೆ ಯಾವ ರಿಯಾಯ್ತಿಯೂ ಇಲ್ಲ, ಅವನೂ ನಿಮ್ಮಂತೆಯೇ" ಎಂದು ಮಾತು ಕೊಟ್ಟೆ. ಲತಾ ಗಣಿತದವಳಲ್ಲವೇ, ಅದಕ್ಕೊಂದು ಪರೀಕ್ಷೆ ಕಂಡುಹಿಡಿದಳು. ಆಟದಲ್ಲಿ ಬೆಟ್ಟದ ಕೋಟೆಯ ಸುರಂಗದ ಬಾಗಿಲಲ್ಲಿ ಮೂವರೂ ನಿಂತುಬಿಟ್ಟರು. "ಭೈರವಪ್ಪ ಮುಂದೆ ನಡೀಲಿ" ಎಂದಳು. ಒಳಗೆ ಮೂರನೇ ಮೆಟ್ಟಿಲು ತುಳಿದರೆ ಮೇಲಿಂದ ಬಂಡೆ ಬೀಳುತ್ತದೆ. ಅದನ್ನು ಅಲ್ಲಿಟ್ಟವನೇ ನಾನು. ಬಂಡೆ ನನಗೆ ಗೊತ್ತು, ಭೈರವನಿಗೆ ಗೊತ್ತಿಲ್ಲ. ಅವನು ಹಿಂಜರಿದರೆ ನಾನು ಮೋಸಗಾರ, ಹೋದರೆ ಅವನು ಹೆಣ. "ಅವನಿಗೆ ಯಾಕೋ ಮಂಡಿ ನೋವು" ಎಂದೆ. "ವೈದ್ಯ ತಾನೇ, ಹಚ್ಕೊಳ್ಲಿ" ಎಂದ ನಯಾಜ್. ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಭೈರವ ನಡೆದ. ಒಂದು ಬಿದ್ದರೆ ಮಾತ್ರ ಸಾವು ಎಂದು ಹೇಳಿ ದಾಳ ಉರುಳಿಸಿದೆ. ಅದು ಚಟ್ನಿ ಬಟ್ಟಲಿಗೆ ತಾಗಿ, ಒಂದು ಸುತ್ತು ಸುತ್ತಿ, ಒಂದನ್ನೇ ತೋರಿಸಿ ಮಲಗಿತು.

ನಾನು ದಾಳ ಮುಟ್ಟಲಿಲ್ಲ. "ರಣಭೈರವ ಸತ್ತ" ಎಂದೆ. ನಯಾಜ್ ಎದ್ದು ಬಂದು ನನ್ನ ಬೆನ್ನು ತಟ್ಟಿದ. "ಭಲೇ ಅಣ್ಣಾ! ಇದು ಮಾಸ್ಟರ್ ಅಂದ್ರೆ! ಅವನಿಗೊಂದು ಮರ್ಯಾದೆ ಮಾಡಿ ಕಳಿಸಣ, ಆಮೇಲೆ ಮುಂದೆ ಹೋಗಣ."

ಅವನು ಅದನ್ನು ಹೇಳಬಾರದಿತ್ತು. ಶವವನ್ನು ಕೋಟೆಯ ಬಾಗಿಲಿಗೆ ತಂದೆವು. ಹಿಂದೊಮ್ಮೆ ಭೈರವ ಮದ್ದು ಹಾಕಿ ಕಣ್ಣು ಬರಿಸಿದ್ದ ಮುದುಕಿಯೊಬ್ಬಳು ಬಂದು ಅತ್ತಳು. ಛತ್ರದವನು ಕೀರಲು ಗಂಟಲಲ್ಲಿ ಕ್ಷಮೆ ಕೇಳಿದ. ಪಾಳೇಗಾರ ತನ್ನ ಪೇಟ ತೆಗೆದು ಅವನ ಕಾಲ ಬಳಿ ಇಟ್ಟು ಒಂದು ಭಾಷಣ ಮಾಡಿದ. ಪಾಳೇಗಾರನ ಮಗಳು ಇನ್ನೂ ಮೆಟ್ಟಿಲಿಳಿಯುತ್ತಿದ್ದಳು. ಅಷ್ಟರಲ್ಲಿ ಕುದುರೆ ಬಂತು.

"ಕುದುರೆನೂ ಅಳ್ತದಾ ಅಣ್ಣಾ?" ಎಂದ ರೆಡ್ಡಪ್ಪ.

"ರೀ, ಅವನನ್ನ ಬದುಕಿಸಿಬಿಡ್ರಿ" ಎಂದಳು ಲತಾ. "ಇದ್ದಾಗ ನಮ್ ಜೊತೆ ನಡೀತಾದ್ರೂ ಇದ್ದ. ಈಗ ಹೊತ್ಕೊಂಡು ನಿಂತು ಭುಜ ಬಿದ್ದೋಯ್ತು."

ನಯಾಜ್ ಹೆಲ್ಮೆಟ್ ಕೈಗೆತ್ತಿಕೊಂಡ. ನಾನು ಗಾಬರಿಯಾಗಿ, "ಮುಂದಿನ ವಾರ ಬರ್ತೀಯ ತಾನೇ?" ಎಂದೆ.

"ಬರ್ತೀನಿ ಅಣ್ಣಾ, ಶಿಡ್ಲಘಟ್ಟದ ಮಾತು ಬಿಟ್ಟಾಕಿ" ಎಂದ. ಬಾಗಿಲ ತನಕ ಹೋದವನು ತಿರುಗಿ ನೋಡಿದ. "ಆದ್ರೆ ಒಂದು ಕಂಡೀಶನ್. ಅವನ ತಿಥಿ ಮಾತ್ರ ಇಟ್ಕೋಬೇಡಿ."

ತಿಥಿಯ ವಿಚಾರ, ಸತ್ಯವಾಗಿ ಹೇಳುತ್ತೇನೆ, ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.