ಡಾಕ್ಟರರ ಮಾತಿನ ಕೊನೆಯ ಪ್ಯಾರಾ

ಸಿಗರೇಟು ಬಿಡುವುದು ಅಂಥ ದೊಡ್ಡ ವಿಷಯವೇನಲ್ಲ ಎಂದು ನಾನು ಮೊದಲಿನಿಂದಲೂ ಹೇಳುತ್ತ ಬಂದಿದ್ದೇನೆ. ಹೇಳುವಾಗ ಕೈಯಲ್ಲಿ ಸಿಗರೇಟು ಇರುತ್ತಿತ್ತು ಎಂಬುದು ಬೇರೆ ಮಾತು. ಮನಸ್ಸು ಮಾಡಬೇಕು, ಅಷ್ಟೆ. ನನಗೆ ಮನಸ್ಸು ಮಾಡಲು ಪುರಸೊತ್ತು ಸಿಕ್ಕಿರಲಿಲ್ಲ.

ಪುರಸೊತ್ತು ಮಾಡಿಸಿದವಳು ಮಗಳು ಸವಿತಾ. ಹುಮನಾಬಾದಿಗೆ ಮದುವೆಯಾಗಿ ಹೋದವಳು ಈಗ ಚೊಚ್ಚಲ ಬಸುರಿ. ಕುಬಸದ ಶಾಸ್ತ್ರ, ಅಂದರೆ ಸೀಮಂತ, ಮುಗಿದಿತ್ತು. ಇನ್ನು ಹೆರಿಗೆ, ಬಾಣಂತನಕ್ಕೆ ಕಲಬುರ್ಗಿಯ ನಮ್ಮ ಮನೆಗೆ ಬರಬೇಕು. ಆಗ ಫೋನಿನಲ್ಲಿ ಒಂದು ಬಾಂಬು ಹಾಕಿದಳು.

"ಅಪ್ಪಾ, ಮನ್ಯಾಗ ಸಿಗರೇಟಿನ ಹೊಗಿ ಇದ್ರ ನಾ ಬರಂಗಿಲ್ಲ ನೋಡ್ರಿ. ಕೂಸಿಗಿ ಛಲೋ ಅಲ್ಲಂತ ಡಾಕ್ಟರು ಹೇಳ್ಯಾರ. ಕಮಲಾಪುರಕ್ಕ ಮಾಮಾನ ಮನಿಗಿ ಹೋಗ್ತೀನಿ."

ಮಾಮಾ ಎಂದರೆ ನನ್ನ ಹೆಂಡತಿ ಮಹಾನಂದಾಳ ತಮ್ಮ ಶರಣಪ್ಪ. ಕೆಂಪು ಬಾಳೆಯ ತೋಟದವನು. ಅವನೂ ಬೀಡಿ ಸೇದುತ್ತಾನೆ! ಈ ಅಂಶವನ್ನು ಮಗಳ ಗಮನಕ್ಕೆ ತಂದೆ.

"ಮಾಮಾ ಹೊಲದಾಗ ಸೇದ್ತಾನ. ನೀವು ಹಾಸಿಗ್ಯಾಗ ಸೇದ್ತೀರಿ" ಎಂದು ಫೋನ್ ಇಟ್ಟಳು.

ಮೊದಲ ಬಾಣಂತನ ತವರಿನಲ್ಲಿ ಆಗುವುದು ಪದ್ಧತಿ. ನನ್ನ ಮಗಳ ಬಾಣಂತನ ನನ್ನ ಹೆಂಡತಿಯ ತವರಿನಲ್ಲಿ ಆದರೆ ಓಣಿಯಲ್ಲಿ ನಾನು ಯಾವ ಮುಖ ಹೊತ್ತು ತಿರುಗಲಿ? ಕೂಡಲೇ ಡಾಕ್ಟರರ ಬಳಿ ಹೋದೆ.

ಇಲ್ಲಿ ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು. ನಾನು ದಿನಪತ್ರಿಕೆಯೊಂದರ ಉಪಸಂಪಾದಕ. ಸುದ್ದಿಯಲ್ಲಿ ಮುಖ್ಯವಾದದ್ದು ಮೊದಲು ಬರಬೇಕು, ಉಳಿದದ್ದು ಆಮೇಲೆ. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸಬೇಕು. ಇದು ನಮ್ಮ ನಿಯಮ. ನಾನು ಇದುವರೆಗೆ ಕತ್ತರಿಸಿದ ಕೊನೆಯ ಪ್ಯಾರಾಗಳನ್ನು ಜೋಡಿಸಿದರೆ ಕಲಬುರ್ಗಿಯಿಂದ ಕಮಲಾಪುರದವರೆಗೆ ರಸ್ತೆಗೆ ಹಾಸಬಹುದು. ಒಬ್ಬ ಓದುಗನೂ ಈವರೆಗೆ ದೂರಿಲ್ಲ.

ಡಾಕ್ಟರು ಹುಡುಗ ವಯಸ್ಸಿನವರು. ಬಿ.ಪಿ. ನೋಡಿದರು, ಹಿಂದಿನ ಕಾಯಿಲೆಗಳನ್ನೆಲ್ಲ ಕೆದಕಿ ಕೇಳಿದರು. ಕೊನೆಗೆ ಚೀಟಿ ಬರೆದು, "ಈ ಗುಳಿಗಿ ತಗೋರಿ. ಮೊದಲ ಸ್ವಲ್ಪ ದಿನ ಮುಂಜಾನಿ ಒಂದ. ಆಮ್ಯಾಲ ದಿನಕ್ಕ ಎರಡ" ಎಂದರು.

ಸುದ್ದಿಯ ಸಾರ ಸಿಕ್ಕಿತು. ನಾನು ಎದ್ದೆ.

"ಇನ್ನೂ ಅದರೀ, ಪೂರಾ ಕೇಳ್ರಿ..."

"ತಿಳೀತ್ರಿ ಡಾಕ್ಟ್ರ. ಆಫೀಸಿಗಿ ಹೊತ್ತಾಯ್ತು."

ಬಾಗಿಲು ದಾಟಿದರೂ ಅವರ ಧ್ವನಿ ಬೆನ್ನ ಹಿಂದೆ ಬರುತ್ತಲೇ ಇತ್ತು. ಕತ್ತರಿ ಹಾಕಿದೆ!

ಮರುದಿನ ಮೊದಲ ಗುಳಿಗೆ ನುಂಗಿ, ಸಿಗರೇಟಿನ ಪ್ಯಾಕನ್ನು ಸಹೋದ್ಯೋಗಿಗಳ ಸಮಕ್ಷಮದಲ್ಲಿ ಕಸದ ಬುಟ್ಟಿಗೆ ಎಸೆದೆ. ಚಿಕ್ಕದೊಂದು ಭಾಷಣವನ್ನೂ ಮಾಡಿದೆ. ಚಪ್ಪಾಳೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ತುಟಿ ತುರಿಸಿತು. ಇದೆಂಥ ಅನ್ಯಾಯ! ಗುಳಿಗೆ ನುಂಗಿಯೂ ಸೇದಬೇಕು ಅನಿಸಿದರೆ ಗುಳಿಗೆ ಯಾತಕ್ಕೆ? ಸಂಜೆ ಯಾರಿಗೂ ಕಾಣದಂತೆ ಅದೇ ಬುಟ್ಟಿಗೆ ಕೈ ಹಾಕಿದೆ. ಬುಟ್ಟಿ ಖಾಲಿ. ಯಾವ ಕೆಲಸವೂ ಹೊತ್ತಿಗೆ ಸರಿಯಾಗಿ ಆಗದ ನಮ್ಮ ಆಫೀಸಿನಲ್ಲಿ ಕಸ ಮಾತ್ರ ಅಂದು ಹೊತ್ತಿಗೆ ಸರಿಯಾಗಿ ಹೋಗಿತ್ತು!

ಹಲ್ಲು ಕಚ್ಚಿಕೊಂಡು ದಿನ ನೂಕಿದೆ. ದಿನಕ್ಕೆ ಎರಡು ಗುಳಿಗೆಯ ಕಾಲ ಬಂದಿತು. ಎರಡನೆಯದನ್ನು ಎಲ್ಲ ಸಭ್ಯರಂತೆ ಊಟ ಮಾಡಿ ಮಲಗುವ ಮುನ್ನ ನುಂಗತೊಡಗಿದೆ. ನಿದ್ದೆ ನನ್ನನ್ನು ಬಿಟ್ಟು ಓಣಿಯ ಉಳಿದೆಲ್ಲರ ಮನೆಗೆ ಹೋಯಿತು.

"ಏನ್ರಿ, ಹಿಂಗ ದೆವ್ವದಂಗ ಕುಂತ್ರ ನನಗ ಹ್ಯಾಂಗ ನಿದ್ದಿ ಬರ್ಬೇಕು?" ಎಂದಳು ಮಹಾನಂದಾ.

"ಇದು ನಿನ್ನ ಮಗಳ ಸಲುವಾಗಿ ಮಾಡಾಕತ್ತಿದ್ದು!"

"ಮಗಳ ಸಲುವಾಗಿ ಕಣ್ಣರೆ ಮುಚ್ಚಿಕೊಳ್ರಿ."

ಅದೇ ವಾರ ಶರಣಪ್ಪ ಬಾಳೆಗೊನೆ ಹೊತ್ತು ಪೇಟೆಗೆ ಬಂದವನು ಮನೆಗೂ ಬಂದ. ಸೋಮವಾರ ಹುಮನಾಬಾದಿಗೆ ಹೋಗಿ ಸವಿತಾಳನ್ನು ಕರೆದುಕೊಂಡು, ಕಮಲಾಪುರದಲ್ಲಿ ಊಟ ಮಾಡಿಸಿ, ಸಂಜೆ ನಮ್ಮ ಮನೆಗೆ ಮುಟ್ಟಿಸುತ್ತೇನೆ ಎಂದ. ಆಮೇಲೆ ನನ್ನ ಗುಳಿಗೆಯ ಕಡೆ ನೋಡಿದ.

"ಭಾವಾ, ಬೀಡಿಗೂ ನಡೀತದೇನ್ರಿ ಇದು? ನನಗೂ ಒಂದೀಟು ಕೊಡ್ರಲ್ಲ."

ಹಾಗೆಂದು ಅಂಗೈ ಚಾಚಿದ. ನಮ್ಮ ಸೀಮೆಯಲ್ಲಿ ಅಂಗೈ ಚಾಚಿ ತಂಬಾಕು, ಸುಣ್ಣ ಕೇಳಿದವನಿಗೆ ಇಲ್ಲವೆಂದವರಿಲ್ಲ. ಬಸ್ಸಿನಲ್ಲಿ ಗುರುತಿಲ್ಲದವನು ಕೇಳಿದರೂ ಕೊಡುತ್ತೇವೆ. ಅಂಥದರಲ್ಲಿ ಹೆಂಡತಿಯ ತಮ್ಮ! ನನ್ನ ಕೈ ತಾನಾಗಿ ಹೋಗಿ ಗುಳಿಗೆಯ ಪಟ್ಟಿಯನ್ನು ಅರ್ಧಕ್ಕೆ ಹರಿದುಕೊಟ್ಟಿತು.

"ದಿನಕ್ಕ ಎರಡ" ಎಂದೆ. ಡಾಕ್ಟರರಿಗಿಂತ ಚೊಕ್ಕ ಹೇಳಿದೆನೆಂಬ ಹೆಮ್ಮೆಯೂ ಆಯಿತು.

ಸೋಮವಾರ ಬಂತು. ನಿದ್ದೆಯಿಲ್ಲದ ಕಣ್ಣು, ತೀರದ ಚಟ. ಮಗಳು ಬರುವ ಮೊದಲು ಇದನ್ನು ಇತ್ಯರ್ಥ ಮಾಡಿಬಿಡೋಣವೆಂದು ಸಿಟ್ಟಿನಿಂದ ಡಾಕ್ಟರರ ಮುಂದೆ ಹೋಗಿ ನಿಂತೆ. ನನ್ನ ಆರೋಪಪಟ್ಟಿಯನ್ನೆಲ್ಲ ಅವರು ಸಮಾಧಾನದಿಂದ ಕೇಳಿಸಿಕೊಂಡರು. ನಾನು ಹಾಗೆ ಯಾರ ಮಾತನ್ನೂ ಕೇಳಿಸಿಕೊಂಡವನಲ್ಲ.

"ಮೊದಲ ದಿನಾನೇ ಬಿಡ್ರಿ ಅಂತ ಯಾರ ಹೇಳಿದ್ರು? ಈ ಗುಳಿಗಿ ಮೈಗಿ ಹತ್ತಾಕ ಒಂದ ವಾರರೆ ಬೇಕು. ಎರಡನೇ ವಾರದಾಗ ಒಂದ ದಿನ ಗೊತ್ತು ಮಾಡಿ ಬಿಡ್ರಿ ಅಂದಿದ್ದೆ. ಎರಡನೇ ಗುಳಿಗಿ ಸಂಜಿ ಮುಂದನೇ ತಗೋರಿ, ಮಲಗೂ ಹೊತ್ತಿನಾಗ ಬ್ಯಾಡ ಅಂದಿದ್ದೆ."

"ಯಾವಾಗ ಅಂದ್ರಿ?"

"ನೀವು ಬಾಗಲಾ ದಾಟುವಾಗ."

ಕೊನೆಯ ಪ್ಯಾರಾದಲ್ಲಿ! ಇಷ್ಟು ಮುಖ್ಯವಾದ ವಿಷಯವನ್ನು ಯಾರಾದರೂ ಕೊನೆಯಲ್ಲಿ ಇಡುತ್ತಾರೆಯೇ? ನಮ್ಮ ಆಫೀಸಿನಲ್ಲಿ ಹೀಗೆ ಬರೆದವನಿಗೆ ಮರುದಿನ ಕೆಲಸವಿರುವುದಿಲ್ಲ! ಇದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಮುಂದುವರಿಸಿದರು.

"ಮತ್ತ ಆ ಗುಳಿಗಿ ಯಾರಿಗೂ ಕೊಟ್ಟಿಲ್ಲ ಹೌದಲ್ರಿ? ಅದು ನಿಮ್ಮ ಮೈ ನೋಡಿ ಬರದದ್ದು. ಹಿಂದ ಯಾವಾಗರೆ ಮೂರ್ಛಿ ಬಂದವರು ತಗೊಂಡ್ರ ಭಾಳ ಅಪಾಯ ಅದ."

ನನ್ನ ಸಿಟ್ಟು ಇಳಿಯಿತು. ಅದರ ಜೊತೆ ಮುಖದ ರಕ್ತವೂ ಇಳಿಯಿತು. ಶರಣಪ್ಪನಿಗೆ ಹರೆಯದಲ್ಲಿ ಮೂರ್ಛೆ ಬರುತ್ತಿತ್ತು. ನನ್ನ ಮದುವೆಯ ಹಂದರದಲ್ಲೇ ಒಮ್ಮೆ ಬಿದ್ದಿದ್ದ. ಮೂಗಿಗೆ ಉಳ್ಳಾಗಡ್ಡಿ ಹಿಡಿದವನು ಬಾಸಿಂಗ ಕಟ್ಟಿಕೊಂಡಿದ್ದ ನಾನೇ!

ಕಮಲಾಪುರಕ್ಕೆ ಫೋನ್ ಮಾಡಿದೆ. ಗಂಟೆ ಹೊಡೆಯಿತು, ಯಾರೂ ಎತ್ತಲಿಲ್ಲ. ಮೊಬೈಲು ಇನ್ನೂ ಎಲ್ಲರ ಜೇಬಿಗೆ ಬಂದಿರಲಿಲ್ಲ. ಸಿಕ್ಕ ಬಸ್ಸು ಹತ್ತಿದೆ. ಆ ಬಸ್ಸು ಮಹಾಗಾಂವದಲ್ಲಿ ಜನರನ್ನು, ಚೀಲಗಳನ್ನು, ಒಂದು ಆಡನ್ನು ಹತ್ತಿಸಿಕೊಳ್ಳುತ್ತ ನಿಂತಿತು. ಆಡಿಗೆ ಟಿಕೆಟ್ ಬೇಕೋ ಬೇಡವೋ ಎಂಬ ಚರ್ಚೆ ನಡೆಯಿತು. ಒಬ್ಬ ಮನುಷ್ಯನ ಜೀವ ಹೋಗುತ್ತಿರುವಾಗ!

ಕಮಲಾಪುರದಲ್ಲಿ ಶರಣಪ್ಪನ ಮನೆಗೆ ಬೀಗ. ಪಕ್ಕದ ಮನೆಯ ಮುದುಕಿ ಜೋಳ ಹಸನು ಮಾಡುತ್ತ ಕುಳಿತಿದ್ದಳು.

"ಶರಣಪ್ಪನೇನು? ದವಾಖಾನಿಗಿ ಹೋಗ್ಯಾನಲ್ಲಪ್ಪ."

"ಹೋಗ್ಯಾನೋ, ಒಯ್ದಾರೋ?"

"ಯವ್ವಾ, ಅಷ್ಟೆಲ್ಲ ನಾ ಕೇಳಿಲ್ಲಪ್ಪ."

ಅಲ್ಲಿಂದ ದವಾಖಾನೆಗೆ ಹೇಗೆ ಓಡಿದೆನೋ ನೆನಪಿಲ್ಲ. ದಾರಿಯಲ್ಲಿ ಒಂದು ಪಾನಂಗಡಿ ಇದ್ದದ್ದು ಮಾತ್ರ ಮಸುಕಾಗಿ ನೆನಪಿದೆ.

ದವಾಖಾನೆಯ ಪಡಸಾಲೆಯ ಬೆಂಚಿನ ಮೇಲೆ ಶರಣಪ್ಪ ಕುಳಿತಿದ್ದ. ಬಾಳೆಹಣ್ಣು ಸುಲಿಯುತ್ತಿದ್ದ! ಪಕ್ಕದಲ್ಲಿ ಸವಿತಾ.

"ಶರಣಪ್ಪಾ! ಗುಳಿಗಿ ನುಂಗಿದೇನೋ?"

"ಎಲ್ಲಿ ನುಂಗಲಿ ಭಾವಾ? ಹೊಸಾದು ಏನರೆ ಸುರು ಮಾಡೂದು ಅಮಾಸಿ ಮುಗದಮ್ಯಾಗ ಅಂತ ಇಟ್ಟಿದ್ದೆ. ಇವತ್ತು ಬಾಯಾಗ ಹಾಕ್ಕೋಬೇಕು, ಸವಿತಾ ಕೈ ಹಿಡದಳು. ಯಾರ ಗುಳಿಗಿ ಮಾಮಾ, ಡಾಕ್ಟರಿಗಿ ಕೇಳೀದೇನು ಅಂತ ಇಲ್ಲಿಗಿ ಎಳಕೊಂಡ ಬಂದಳು. ಡಾಕ್ಟರು ನನ್ನ ಮೂರ್ಛಿ ಕಥಿ ಕೇಳಿ ಗುಳಿಗಿ ಕಸಗೊಂಡ್ರು. ಕೊಟ್ಟ ಮಾರಾಯ ಯಾರು ಅಂತ ಕೇಳಾಕತ್ತಿದ್ರು. ನಾ ಹೆಸರ ಹೇಳಿಲ್ರಿ."

ನನ್ನ ಕಣ್ಣಲ್ಲಿ ನೀರು ಬಂತು. ಅಮಾವಾಸ್ಯೆಗೆ ಮನಸಾರೆ ಕೈ ಮುಗಿಯಲು ಹೋದೆ. ಕೈ ಜೋಡಿಸಲು ಆಗಲಿಲ್ಲ.

"ಅಪ್ಪಾ, ಕೈಯಾಗ ಏನದು?" ಎಂದಳು ಸವಿತಾ.

ನಾನೂ ನೋಡಿದೆ. ಉರಿಯುತ್ತಿದ್ದ ಸಿಗರೇಟು.

"ಇದು... ನಿಮ್ಮ ಮಾಮಾನ ಚಿಂತಿಗಿ ಹಚ್ಚಿದ್ದು" ಎಂದೆ. ನನ್ನ ವೃತ್ತಿಜೀವನದಲ್ಲೇ ಇಷ್ಟು ಸತ್ಯವಾದ ಹೇಳಿಕೆ ನಾನು ಕೇಳಿಲ್ಲ. ಆದರೆ ಚಿಕ್ಕವಳಿದ್ದಾಗ ನನ್ನ ಹೆಗಲೇರಿ ಕುಳಿತಿದ್ದ ಮಗಳು ಸೀರೆಯ ಸೆರಗನ್ನು ಮೂಗಿಗೆ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದಳು.

"ಮಾಮಾ, ನನ್ನ ಬ್ಯಾಗು ನಿನ್ನ ಮನ್ಯಾಗೇ ಇರ್ಲಿ" ಎಂದಳು.

ಬಾಣಂತನ ಕಮಲಾಪುರದಲ್ಲೇ ನಡೆಯಿತು. ಮಗಳ ಆರೈಕೆಗೆಂದು ಹೆಂಡತಿಯೂ ಅಲ್ಲಿಗೇ ಹೋದಳು. ನಾನು ಒಂಟಿ ಮನೆಯಿಂದ ಮತ್ತೆ ಡಾಕ್ಟರರ ಬಳಿ ಹೋದೆ.

"ಕೂಡ್ರಿ" ಎಂದರು. "ಈ ಸಲ ಕಡೀದು ಮೊದಲ ಹೇಳ್ತೀನಿ."

ಅಲುಗದೆ ಕೇಳಿದೆ. ಗುಳಿಗೆಯನ್ನು ಹೇಳಿದ ಹೊತ್ತಿಗೆ ನುಂಗಿದೆ, ಗೊತ್ತು ಮಾಡಿದ ದಿನ ಸಿಗರೇಟು ಬಿಟ್ಟೆ, ಯಾರು ಅಂಗೈ ಚಾಚಿದರೂ ಜೇಬು ಬಿಚ್ಚಲಿಲ್ಲ. ಸಿಗರೇಟು ನಿಜಕ್ಕೂ ಹೋಯಿತು. ಓದುಗರು ನಂಬಬೇಕು, ಮನೆಯವರು ನಂಬಿಲ್ಲ.

ಮೊಮ್ಮಗಳನ್ನು ನೋಡಲು ಕಮಲಾಪುರಕ್ಕೆ ಹೋದರೆ ಹೊಸ್ತಿಲಲ್ಲೇ ಮಹಾನಂದಾ ಅಡ್ಡ ನಿಂತಳು. ಕಾಲರು ಮೂಸಿದಳು. ಬೆರಳು ಮೂಸಿದಳು. ಊರಿನ ಸುದ್ದಿಯ ಸತ್ಯಾಸತ್ಯತೆ ಪರೀಕ್ಷಿಸುವ ನನಗೆ ಈ ಗತಿ! ಕೊನೆಗೆ ಒಳಗೆ ಬಿಟ್ಟಳು. ತೊಟ್ಟಿಲ ಮೇಲೆ ಬಾಗಿದೆ. ಕೂಸು ನನ್ನ ಮುಖ ನೋಡಿತು, ಮೂಗು ಕೆಂಪು ಮಾಡಿಕೊಂಡಿತು.

ಸೀನಿತು!

ಮನೆಯಲ್ಲಿದ್ದವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. ಸ್ಪಷ್ಟೀಕರಣ ಕೊಡಲು ಬಾಯಿ ತೆರೆದೆ.

"ಅದನ್ನ ಹೊರಗ ನಿಂತು ಹೇಳ್ರಿ" ಎಂದಳು ಮಗಳು.