ಮಾವನ ಕಾರು, ಷಡ್ಡಕನ ಪೊಟ್ಟಣ

ಆವತ್ತು ಬೆಳಿಗ್ಗೆ ಷಡ್ಡಕ ನಕ್ಕ. ರಾದ್ಧಾಂತವೆಲ್ಲ ಶುರುವಾದದ್ದು ಅಲ್ಲಿಂದಲೇ.

ಕ್ಯಾಷಿಯರು ಹಾಲು ತರಲು ಹೊರಟಿದ್ದ. ಮೆಕ್ಯಾನಿಕ್ಕನ ಶೆಡ್ಡಿನ ಹತ್ತಿರ ಬಂದಾಗ ನೋಡುತ್ತಾನೆ, ಹೆಂಡತಿಯ ಅಕ್ಕನ ಗಂಡ ಪೇಪರಿನಲ್ಲಿ ಸುತ್ತಿದ ಪೊಟ್ಟಣವೊಂದನ್ನು ಕಂಕುಳಲ್ಲಿ ಅವುಚಿಕೊಂಡು ಒಳಗೆ ನುಗ್ಗುತ್ತಿದ್ದಾನೆ. ಕ್ಯಾಷಿಯರು ತಟ್ಟನೆ ದೀಪದ ಕಂಬದ ಹಿಂದೆ ನಿಂತ. ಕಂಬ ತೆಳ್ಳಗಿತ್ತು, ಕ್ಯಾಷಿಯರು ತೆಳ್ಳಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಷಡ್ಡಕ ಬರಿಗೈಯಲ್ಲಿ ಹೊರಗೆ ಬಂದ. ಕಂಬದ ಎರಡೂ ಕಡೆ ಕಾಣುತ್ತಿದ್ದ ಮನುಷ್ಯನನ್ನು ನೋಡಿದ, ನಕ್ಕ, "ವಾಕಿಂಗಾ?" ಅಂದ, ಹೋದ.

ಮದುವೆಯಾದ ಲಾಗಾಯ್ತು ಷಡ್ಡಕ ಅವನನ್ನು ನೋಡಿ ನಕ್ಕದ್ದು ಅದೇ ಮೊದಲು.

ಬ್ಯಾಂಕಿನ ಕೌಂಟರಿನಲ್ಲಿ ಕೂತು ಕೂತು ಕ್ಯಾಷಿಯರಿಗೆ ಒಂದು ಚಾಳಿ ಅಂಟಿಕೊಂಡಿತ್ತು. ಕೈಗೆ ಏನು ಬಂದರೂ ಮೊದಲು ಬೆಳಕಿಗೆ ಹಿಡಿದು ನೋಡುವುದು. ನೋಟಿರಲಿ, ಮದುವೆ ಕಾಗದವಿರಲಿ, ಹಾಲಿನ ಪ್ಯಾಕೆಟ್ಟಿರಲಿ. ಮಗಳು ಹುಟ್ಟಿದಾಗ ನರ್ಸು ಕೂಸನ್ನು ತಂದು ಕೈಗೆ ಕೊಟ್ಟರೆ ಈ ಪುಣ್ಯಾತ್ಮ ಕಿಟಕಿಯ ಹತ್ತಿರ ಹೋಗಿದ್ದ. ಹೆಂಡತಿ ಅದನ್ನು ಇವತ್ತಿಗೂ ಮರೆತಿಲ್ಲ.

ಈಗ ಅವನು ಬೆಳಕಿಗೆ ಹಿಡಿಯಬೇಕಾಗಿದ್ದದ್ದು ಒಂದು ಇಡೀ ಕಾರನ್ನು.

ಕಾರು ಮಾವನದು. ಮಾವನ ಮದುವೆಗಿಂತ ಹಳೆಯದು, ಮಾವನ ಮಾತಿನಲ್ಲೇ ಹೇಳುವುದಾದರೆ ಮದುವೆಗಿಂತ ಚೆನ್ನಾಗಿ ಓಡಿದ್ದು. ಕೊನೆಗೆ ಅದೂ ನಿಂತು, ಒಳಗೆ ಬೆಕ್ಕು ಮರಿ ಹಾಕಿದ ಮೇಲೆ ಮಾವ ಅಳಿಯಂದಿರಿಬ್ಬರನ್ನೂ ಕೂರಿಸಿಕೊಂಡು ತೀರ್ಪು ಕೊಟ್ಟಿದ್ದ: "ಸಣ್ಣೋನು ರಿಪೇರಿ ಮಾಡಿಸ್ಲಿ. ಎಲ್ಲ ಒರಿಜಿನಲ್ ಇರ್ಬೇಕು. ಕಳೆದುಹೋಗಿದ್ರೆ ಹುಡುಕಿ ಆ ಕಾಲದ್ದೇ ಹಾಕಿಸ್ಬೇಕು. ಮಾಡಿಸಿದ್ರೆ ಕಾರು ಅವನದು. ಒಂದೇ ಒಂದು ಡ್ಯೂಪ್ಲಿಕೇಟ್ ಸಾಮಾನು ಸಿಕ್ತೋ, ಕಾರು ದೊಡ್ಡೋನ್ದು."

ಇವತ್ತು ಸಾಯಂಕಾಲ ಮಾವ ಪರೀಕ್ಷೆಗೆ ಬರುವವನಿದ್ದ. ದೊಡ್ಡೋನು ಬೆಳಗಾಗೆದ್ದು ಪೊಟ್ಟಣ ಹಿಡಿದು ಬಂದಿದ್ದ.

ಕ್ಯಾಷಿಯರು ಹಾಲು ಮರೆತು ಶೆಡ್ಡಿಗೆ ನುಗ್ಗಿದ.

"ಅವರು ಯಾಕೆ ಬಂದಿದ್ರು?"

ಮೆಕ್ಯಾನಿಕ್ಕು ಬಾನೆಟ್ಟಿನೊಳಗಿಂದ ತಲೆ ಎತ್ತಲಿಲ್ಲ. "ಗಾಳಿ ಹೊಡಿಸ್ಕೊಳ್ಳೋಕೆ."

"ನಡ್ಕೊಂಡು ಬಂದೋರಿಗೆ ಎಲ್ಲಿಗೆ ಗಾಳಿ ಹೊಡೀತೀರಿ?"

"ಸಾರ್, ನಿಮ್ಮ ಕಾರು ರೆಡಿ. ತಗೊಂಡು ಹೋಗಿ. ಫಸ್ಟ್ ಕ್ಲಾಸ್. ಈಗಂತೂ ಎಲ್ಲ ಒರಿಜಿನಲ್."

"ಈಗಂತೂ ಅಂದ್ರೆ?"

"ಅಯ್ಯೋ, ಬಾಯಿಗೆ ಬಂತು ಅಂದೆ ಸಾರ್," ಅಂದ ಮೆಕ್ಯಾನಿಕ್ಕು. ಹಣೆ ಒರೆಸಿಕೊಂಡ ಬಟ್ಟೆ ಅವನ ಮುಖಕ್ಕಿಂತ ಕಪ್ಪಗಿತ್ತು. ಕ್ಯಾಷಿಯರು ಕಾರನ್ನು ತಿರುಗಿಸಿಕೊಂಡು ಬೀದಿಗಿಳಿಯುವುದರೊಳಗೆ ಹಿಂದೆ ಶೆಡ್ಡಿನ ಬಾಗಿಲು ಧಡಾರಂತ ಮುಚ್ಚಿತು, ಬೀಗ ಬಿತ್ತು.

ಮನೆಯ ಮುಂದೆ ಕಾರು ನಿಂತದ್ದೇ ತಡ, ಪಕ್ಕದ ಮನೆಯ ಹಲ್ಲಿನ ಡಾಕ್ಟರು ಬಂದ. ಅವನ ಕ್ಲಿನಿಕ್ಕೂ ಅದೇ ಮನೆಯ ಮುಂಭಾಗದಲ್ಲಿತ್ತು. ಸಂಗತಿ ಕೇಳಿ ಅವನ ಮುಖ ಅರಳಿತು.

"ಇಷ್ಟಕ್ಕೆ ಯಾಕ್ರೀ ಒದ್ದಾಡ್ತೀರಿ? ಹುಟ್ಟಿದ ಹಲ್ಲು ಯಾವುದು, ಕಟ್ಟಿಸಿದ ಹಲ್ಲು ಯಾವುದು ಅಂತ ದಿನಾ ನೋಡೋನು ನಾನು. ಬಾಯಿ ತೆಗೀರಿ."

ಕ್ಯಾಷಿಯರು ಬಾಯಿ ತೆಗೆದ.

"ನಿಮ್ದಲ್ಲ, ಕಾರಿಂದು."

ಬಾನೆಟ್ಟು ತೆಗೆದ. ಡಾಕ್ಟರು ತನ್ನ ಪುಟ್ಟ ಕನ್ನಡಿ ಒಳಗೆ ತೂರಿಸಿ, ಸಲಾಕೆಯಿಂದ ಒಂದೊಂದನ್ನೇ ಟಕಟಕ ಕುಟ್ಟುತ್ತ ಹೋದ. "ಇದು ಹುಟ್ಟಿದ್ದು... ಇದೂ ಹುಟ್ಟಿದ್ದೇ, ಸ್ವಲ್ಪ ಹುಳುಕು... ಆಹಾ! ಇಲ್ಲಿ ನೋಡಿ."

ಹಾರ್ನು. ಅಕ್ಕಪಕ್ಕದ ಸಾಮಾನುಗಳೆಲ್ಲ ಮುದುಕರ ಹಾಗೆ ಕಂದಿ ಕೂತಿದ್ದರೆ ಅದೊಂದೇ ನಿನ್ನೆ ಮದುವೆಯಾದವನ ಹಾಗೆ ಮಿರಮಿರ ಮಿನುಗುತ್ತಿತ್ತು.

"ಇಷ್ಟು ಬಿಳಿ ಹಲ್ಲು ದೇವರು ಕೊಡಲ್ಲ," ಅಂದ ಡಾಕ್ಟರು. "ಕಟ್ಟಿಸಿದ್ದೇ. ಅದೂ ಇತ್ತೀಚೆಗೆ."

ಎದುರು ಮನೆಯ ಜಗಲಿಯಲ್ಲಿ ನಿಂತು ಕೇಳುತ್ತಿದ್ದ ಸಂಗೀತದ ಟೀಚರಮ್ಮ ಬೀದಿ ದಾಟಿ ಬಂದಳು. "ಒಂದ್ಸಲ ಬಾರಿಸಿ ನೋಡೋಣ."

ಕ್ಯಾಷಿಯರು ಬಾರಿಸಿದ. ಗಂಭೀರವಾದ, ತುಂಬಿದ ದನಿ ಬೀದಿಯ ಆ ತುದಿಯವರೆಗೂ ಹೋಯಿತು.

"ಶ್ರುತಿ ಬೇರೆ," ಅಂದಳು ಟೀಚರಮ್ಮ. "ನಿನ್ನೆ ಸಾಯಂಕಾಲ ಮೆಕ್ಯಾನಿಕ್ಕು ಓಡಿಸಿ ನೋಡ್ತಿದ್ದಾಗ ಇದೇ ಬೀದೀಲಿ ಬಾರಿಸಿದ್ದ. ಆಗ ಕೀರಲು ದನಿ. ನನ್ನ ಶಿಷ್ಯೆ ಅಂತ ತಿಳ್ಕೊಂಡು ಬೈದೆ. ನಿನ್ನೆ ಇದ್ದ ಹಾರ್ನು ಇದಲ್ಲ. ಬೇಕಾದ್ರೆ ತಂಬೂರಿ ತಂದು ತೋರಿಸ್ತೀನಿ."

ಕ್ಯಾಷಿಯರ ತಲೆಯಲ್ಲಿ ಎಲ್ಲ ಕೂಡಿ ಬಂತು. ಪೊಟ್ಟಣ, ಬರಿಗೈ, ನಗು, ಬೀಗ. ಷಡ್ಡಕ ಒರಿಜಿನಲ್ ಹಾರ್ನು ಕಿತ್ತು ಡ್ಯೂಪ್ಲಿಕೇಟ್ ಹಾಕಿಸಿದ್ದಾನೆ! ಮಾವನ ಎದುರಿಗೆ ತಾನೇ ಬೆರಳು ಮಾಡಿ ತೋರಿಸುತ್ತಾನೆ! ಕಾರು ಹೊಡೆದುಕೊಂಡು ಹೋಗುತ್ತಾನೆ!

"ಹಾಲೆಲ್ರೀ?" ಅಂತ ಒಳಗಿನಿಂದ ಹೆಂಡತಿ ಕೂಗಿದಳು.

"ನಿಮ್ಮ ಭಾವನ್ನೇ ಕೇಳು!" ಅಂತ ಕೂಗಿ ಅವನು ಹಾರ್ನು ಬಿಚ್ಚತೊಡಗಿದ.

ಬಿಚ್ಚಿದ ಹಾರ್ನನ್ನು ಬೀರುವಿನಲ್ಲಿ ಹೆಂಡತಿಯ ಸೀರೆಗಳ ಕೆಳಗೆ ಹುದುಗಿಸಿ, ಬ್ಯಾಂಕಿಗೆ ಹೊಟ್ಟೆನೋವು ಅಂತ ಫೋನು ಮಾಡಿ, ಗುಜರಿ ಅಂಗಡಿಗೆ ಓಡಿದ. ಗುಜರಿಯವನು ಕಾರಿನ ಹೆಸರು ಕೇಳಿ ಕಣ್ಣುಮುಚ್ಚಿ ಕೈ ಮುಗಿದು, ಒಳಗೆ ಹೋಗಿ, ಅಡಿಯಿಂದ ಮುಡಿಯವರೆಗೆ ತುಕ್ಕು ಹಿಡಿದ ಹಾರ್ನೊಂದನ್ನು ಎರಡೂ ಕೈಯಲ್ಲಿ ತಂದ.

"ನೋಡಿ ಸಾರ್, ಆ ಕಾಲದ್ದು. ತುಕ್ಕೇ ಹೇಳುತ್ತೆ."

ಕ್ಯಾಷಿಯರು ಬೆಳಕಿಗೆ ಹಿಡಿದು ನೋಡಿದ. ಇಷ್ಟು ತುಕ್ಕಿರುವ ಸಾಮಾನು ಸುಳ್ಳಾಡುವುದು ಹೇಗೆ? ತುಕ್ಕು ಇನ್ನೂ ಹಸಿಯಾಗಿತ್ತು, ಅಂಗಿಗೂ ಒಂದಿಷ್ಟು ಬಳಿದುಕೊಂಡಿತು, ಅದಕ್ಕೆ ಟೀ ಡಿಕಾಕ್ಷನ್ನಿನ ವಾಸನೆಯೂ ಇತ್ತು. ಆದರೆ ಸಂಶಯವೆಲ್ಲ ಷಡ್ಡಕನ ಮೇಲೆ ಖರ್ಚಾಗಿ ಹೋಗಿದ್ದ ಹೊತ್ತು ಅದು, ಗುಜರಿಯವನ ಪಾಲಿಗೆ ಒಂದಿಷ್ಟೂ ಉಳಿದಿರಲಿಲ್ಲ.

ಸಾಯಂಕಾಲದ ಹೊತ್ತಿಗೆ ಹಾರ್ನನ್ನು ತಾನೇ ಕೂರಿಸಿದ. ಯಾವ ವೈರಿಗೆ ಯಾವ ವೈರು ಅನ್ನುವುದು ಅವನಿಗೂ ದೇವರಿಗೂ ಗೊತ್ತಿರಲಿಲ್ಲ. ಎರಡು ತುದಿ ತಾಗಿಸಿದ್ದೇ ತಡ, ಹಾರ್ನು ತಾನಾಗಿಯೇ ಬಾಯಿ ಬಿಟ್ಟಿತು. ನೆಗಡಿಯಾದ ಆಡಿನ ದನಿ. ನಿಲ್ಲಲೊಲ್ಲದು. ಕಿಟಕಿಗಳೆಲ್ಲ ತೆರೆದವು. ಡಾಕ್ಟರು ಓಡಿ ಬಂದ, ಅವನ ಹಿಂದೆ ಬಾಯಿ ತುಂಬ ಹತ್ತಿ ತುರುಕಿಸಿಕೊಂಡ ರೋಗಿಯೊಬ್ಬ ಓಡಿ ಬಂದು "ಆ... ಆ..." ಅಂತ ಸಲಹೆ ಕೊಡತೊಡಗಿದ.

"ಇದ್ಯಾವ ರಾಗಾನೂ ಅಲ್ಲ!" ಅಂತ ಟೀಚರಮ್ಮ ಕಿವಿ ಮುಚ್ಚಿಕೊಂಡಳು.

"ಗದ್ದಲ ಬೇಡ, ಕಿತ್ತುಬಿಡೋಣ," ಅಂದ ಡಾಕ್ಟರು. ಅದು ಅವನ ಕಸುಬಿನ ಮಾತು. ಒಂದು ವೈರು ಹಿಡಿದು ಎಳೆದ. ಹಾರ್ನು ಬಿಕ್ಕಳಿಸಿ ನಿಂತಿತು. ಆ ಹೊತ್ತಿಗೆ ಸರಿಯಾಗಿ ಬೀದಿಯ ತಿರುವಿನಲ್ಲಿ ಷಡ್ಡಕನ ಗಾಡಿ ಕಾಣಿಸಿತು, ಮುಂದಿನ ಸೀಟಿನಲ್ಲಿ ಮಾವ. ಮಾವ ಇದ್ದದ್ದು ದೊಡ್ಡ ಮಗಳ ಮನೆಯಲ್ಲಿ, ಹಾಗಾಗಿ ಎಲ್ಲಿ ಹೋದರೂ ದೊಡ್ಡಳಿಯನೇ ಕರೆತರಬೇಕು. ಕ್ಯಾಷಿಯರು ವೈರನ್ನು ಹೇಗೋ ತುರುಕಿ ಬಾನೆಟ್ಟು ಮುಚ್ಚಿದ.

ಮಾವ ಕಾರನ್ನು ಎರಡು ಸುತ್ತು ಹಾಕಿದ. ಬಾಗಿಲು ತೆಗೆದು ಮೂಸಿದ. ಸೀಟನ್ನು ಗುದ್ದಿದ. ಬಾನೆಟ್ಟು ತೆಗೆಸಿ ಒಂದೊಂದನ್ನೇ ಬೆರಳಿನಲ್ಲಿ ಸವರಿದ. ಹಾರ್ನು ಕಂಡದ್ದೇ ಷಡ್ಡಕನ ಮುಖ ಬೆಳ್ಳಗಾಯಿತು. ಕ್ಯಾಷಿಯರಿಗೆ ಒಳಗೊಳಗೇ ಖುಷಿ. ಕಳ್ಳ ಸಿಕ್ಕಿಬಿದ್ದ!

ಮಾವ ಸೀಟಿನಲ್ಲಿ ಕೂತು ಹಾರ್ನು ಒತ್ತಿದ.

"ಮ್ಯಾಂ..."

ಮಾವನ ಹುಬ್ಬು ನಿಧಾನವಾಗಿ ಮೇಲೇರಿತು. "ಇದು ನನ್ನ ಹಾರ್ನಾ?"

ಕ್ಯಾಷಿಯರಿಗೆ ಕಾರು ಕೈಬಿಟ್ಟು ಹೋಗುತ್ತಿರುವುದು ಕಣ್ಣಿಗೆ ಕಟ್ಟಿತು. ಷಡ್ಡಕ ಒಂದು ಹೆಜ್ಜೆ ಮುಂದೆ ಬಂದ. ಬಂತು ಗ್ರಹಚಾರ, ಅಂದುಕೊಂಡ ಕ್ಯಾಷಿಯರು.

"ಇದೇ ಮಾವ! ಇದೇ!" ಅಂದ ಷಡ್ಡಕ. "ನನ್ನ ಮದುವೆ ದಿನ ನಮ್ಮನ್ನ ಕೂರಿಸ್ಕೊಂಡು ಹೋದ್ರಲ್ಲ, ದಾರಿಯುದ್ದಕ್ಕೂ ಇದೇ ದನಿ. ಇವತ್ತಿಗೂ ಕಿವೀಲಿದೆ. ಕೇಳಿದ್ರೆ ಕಣ್ಣಲ್ಲಿ ನೀರು ಬರುತ್ತೆ ನೋಡಿ."

ನಿಜಕ್ಕೂ ಬಂದಿತ್ತು.

ಕ್ಯಾಷಿಯರು ಕಣ್ಣುಬಾಯಿ ಬಿಟ್ಟ. ಯಾಕೆ ನನ್ನ ಪರ ಮಾತಾಡ್ತಿದ್ದಾನೆ? ಇದರಲ್ಲೇನೋ ಇದೆ! "ಮಾವ, ಯಾವುದಕ್ಕೂ ಇನ್ನೊಂದ್ಸಲ..." ಅಂತ ಬಾಯಿ ತೆಗೆದ. ಷಡ್ಡಕ ಅವನ ಕಾಲಿನ ಮೇಲೆ ತನ್ನ ಬೂಟನ್ನಿಟ್ಟು ಭಾರ ಬಿಟ್ಟ.

ಮಾವ ಯೋಚಿಸಿದ. "ದೊಡ್ಡೋನು ಅಲ್ಲ ಅಂದಿದ್ರೆ ಕಾರು ಅವನಿಗೇ ಸಿಗ್ತಿತ್ತು. ತನಗೆ ಸಿಗೋದನ್ನ ಬಿಟ್ಟುಕೊಟ್ಟು ಯಾವನಾದ್ರೂ ಸುಳ್ಳು ಹೇಳ್ತಾನಾ? ಆಯ್ತು. ಎಲ್ಲ ಒರಿಜಿನಲ್ಲೇ. ಕಾರು ಸಣ್ಣೋನ್ದು."

ಡಾಕ್ಟರು ಚಪ್ಪಾಳೆ ತಟ್ಟಿದ. ಹತ್ತಿಯ ರೋಗಿಯೂ ತಟ್ಟಿದ. ಕ್ಯಾಷಿಯರು ಕೀಲಿಕೈಗೆ ಅಂಗೈ ಚಾಚಿದ. ಮಾವ ಕೀಲಿಕೈಯನ್ನು ತನ್ನ ಜೇಬಿಗೆ ಹಾಕಿಕೊಂಡ.

"ಇಷ್ಟೆಲ್ಲ ಒರಿಜಿನಲ್ ಮಾಡಿಸಿದ್ದೀಯ," ಅಂದ ಮಾವ. "ಡ್ರೈವರ್ ಮಾತ್ರ ಯಾಕೆ ಡ್ಯೂಪ್ಲಿಕೇಟ್ ಇರ್ಬೇಕು? ಈ ಕಾರನ್ನ ನಾನಲ್ದೆ ಇನ್ನೊಬ್ಬ ಓಡಿಸಿಲ್ಲ, ಓಡಿಸೋದೂ ಇಲ್ಲ. ಕಾರು ಎಲ್ಲೋ ಅಲ್ಲೇ ನಾನು."

ಷಡ್ಡಕ ಆಗಲೇ ತನ್ನ ಗಾಡಿಯ ಡಿಕ್ಕಿ ತೆಗೆದು ಸಾಮಾನು ಇಳಿಸುತ್ತಿದ್ದ. ಟ್ರಂಕು, ಹಾಸಿಗೆ ಸುರುಳಿ, ಊರುಗೋಲು, ಔಷಧಿ ಬುಟ್ಟಿ, ಮಾವ ಕೂತರೆ ಬೇರೆಯವರು ಕೂರಬಾರದ ಆರಾಮಕುರ್ಚಿ. ಓಡಾಡುವ ಹುರುಪು ನೋಡಿದರೆ ಹತ್ತು ವರ್ಷ ಚಿಕ್ಕವನಾದ ಹಾಗಿದ್ದ.

ಕ್ಯಾಷಿಯರು ಕುಂಟುತ್ತ ಅವನ ಹತ್ತಿರ ಹೋದ. "ಬೆಳಿಗ್ಗೆ ಆ ಪೊಟ್ಟಣದಲ್ಲಿ..."

"ಒರಿಜಿನಲ್ ಹಾರ್ನು ಕಣಯ್ಯ!" ಷಡ್ಡಕ ಹಲ್ಲು ಕಚ್ಚಿ ಪಿಸುಗುಟ್ಟಿದ. "ಡಬ್ಬಿ ಒಡೆಯದ ಹೊಸಾ ಹಳೇ ಹಾರ್ನು. ನಿನ್ನ ಮೆಕ್ಯಾನಿಕ್ಕು ಯಾವುದೋ ಕಚಡಾ ಹಾಕಿದ್ದ. ನೀನು ಸೋತ್ರೆ ಕಾರು ನಮ್ಮನೇಗೆ ಬರುತ್ತೆ, ಮಾವ ನಮ್ಮನೇಲೇ ಉಳೀತಾರೆ. ಊರೂರು ಅಲೆದು ತಂದು ಹಾಕಿಸಿದ್ರೆ, ನೀನು ಅದನ್ನ ಕಿತ್ತು ಈ ಆಡನ್ನ ಕಟ್ಟಿದ್ದೀಯಲ್ಲೋ! ಸ್ವಲ್ಪದ್ರಲ್ಲಿ ನನ್ನ ಸಂಸಾರ ಹಾಳು ಮಾಡ್ತಿದ್ದೆ."

ಅಷ್ಟು ಹೇಳಿ ಗಾಡಿ ಹತ್ತಿ, ಕಿಟಕಿಯಿಂದ ಕೈ ಬೀಸುತ್ತ ಹೋದ. ತಿರುವಿನಲ್ಲಿ ಮರೆಯಾಗುವವರೆಗೂ ಅವನು ಹಾಡುತ್ತಿದ್ದದ್ದು ಕೇಳಿಸುತ್ತಿತ್ತು.

ಮನೆ ಬಾಗಿಲಲ್ಲಿ ಮಾವ ನಿಂತಿದ್ದ. ಬಾಗಿಲ ಹಿಡಿಯನ್ನು ಎರಡು ಸಲ ಅಲ್ಲಾಡಿಸಿದ, ಕರೆಗಂಟೆ ಒತ್ತಿದ, ತಲೆ ವಾರೆ ಮಾಡಿ ಅದು ನಿಲ್ಲುವವರೆಗೆ ಕೇಳಿದ. ಆಮೇಲೆ ಅಳಿಯನ ಕಡೆ ತಿರುಗಿದ.

"ಯಾಕೋ ಅನುಮಾನ. ಇದು ಒರಿಜಿನಲ್ಲಾ?"